ಗುರುಶಾಂತವ್ವನ ವೆಲ್ಡಿಂಗ್ ಮುಖವಾಡ

ನಾನು ವೆಲ್ಡಿಂಗ್ ಮಾಡುವವರು ತಲೆಗೆ ಹಾಕಿಕೊಳ್ಳುವ ಕಪ್ಪು ಮುಖವಾಡ. ಕಣ್ಣಿನ ಜಾಗದಲ್ಲಿ ಒಂದು ಕಡುಗಪ್ಪು ಗಾಜು. ಅದನ್ನು ಬಿಟ್ಟರೆ ನನ್ನಲ್ಲಿ ನೋಡುವಂಥದ್ದೇನೂ ಇಲ್ಲ. ಕಾರ್ಖಾನೆಯ ಅಚ್ಚಿನಿಂದ ಹೊರಬಿದ್ದ ತಿಂಗಳಿಗೇ ಗದಗಿನ ಒಂದು ತರಬೇತಿ ಕೇಂದ್ರಕ್ಕೆ ಬಂದೆ. ಎಷ್ಟೋ ಜನರ ಬೆವರು ಕುಡಿಯುತ್ತ ನಾಲ್ಕು ವರ್ಷ ಕಳೆದೆ.

ಐದನೆಯ ವರ್ಷ ಗುರುಶಾಂತವ್ವ ಬಂದಳು. ವಯಸ್ಸು ಮೂವತ್ತಾರು. ಗಂಡ ತೀರಿಕೊಂಡಿದ್ದ; ಮನೆಯಲ್ಲಿ ಅವಳು, ಅತ್ತೆ ಫಕ್ಕೀರವ್ವ, ಇಬ್ಬರೇ. ಸೀರೆಯ ಮೇಲೆ ಖಾಕಿ ಕೋಟು ತೊಟ್ಟು ನನ್ನನ್ನು ಮುಖಕ್ಕೆ ಎಳೆದುಕೊಂಡಾಗ ಅವಳ ಉಸಿರಿಗೆ ನನ್ನ ಗಾಜು ಮಸುಕಾಯಿತು. ಕಿಡಿ ಹಾರಿದೊಡನೆ ಕಣ್ಣು ಮುಚ್ಚಿದಳು. ವೆಲ್ಡಿಂಗ್ ಕಡ್ಡಿ ಕಬ್ಬಿಣಕ್ಕೆ ಅಂಟಿಕೊಂಡುಬಿಟ್ಟಿತು.

"ಕಿಡಿ ಕಂಡ್ರ ಕಣ್ಣ ಮುಚ್ಚತಾವ್ರೀ ಸರ," ಎಂದಳು.

"ಮೊದಮೊದಲ ಹಂಗ ಆಗತೈತ್ರಿ ಅಕ್ಕಾರ. ಕಿಡಿ ನೋಡಬ್ಯಾಡ್ರಿ, ಕರಗಿದ ಕಬ್ಬಿಣ ನೋಡ್ರಿ," ಎಂದರು ಕಲಿಸುವ ಮುಲ್ಲಾ ಮಾಸ್ತರರು.

ನೋಡಿದಳು. ತಿಂಗಳುಗಳು ಕಳೆದಂತೆ ಅವಳ ಬೆಸುಗೆ ಹೆಣೆದ ಜಡೆಯ ಹಾಗೆ ಸಾಲಾಗಿ ಕೂರತೊಡಗಿತು. ಆದರೆ ಪರೀಕ್ಷೆಯ ದಿನ ಮಾಸ್ತರರು ಸುತ್ತಿಗೆಯಿಂದ ಒಂದೇಟು ಹಾಕಿದ್ದೇ ತಡ, ಜೋಡಣೆ ಎರಡು ತುಂಡಾಯಿತು. ಒಳಗೆಲ್ಲ ತೂತು. ಗುರುಶಾಂತವ್ವ ನನ್ನನ್ನು ಮುಖಕ್ಕೆಳೆದುಕೊಂಡು, ಕೆಲಸ ಮಾಡುವವಳಂತೆ ಬಗ್ಗಿ, ಅತ್ತಳು. ನನಗೊಬ್ಬನಿಗೇ ಗೊತ್ತಾಯಿತು.

ಮರುದಿನ ಎಲ್ಲರಿಗಿಂತ ಮೊದಲು ಬಂದಳು. ಎರಡನೆಯ ಪರೀಕ್ಷೆಯಲ್ಲಿ ಪಾಸಾದಳು. ತಲೆಪಟ್ಟಿ ಹರಿದಿದ್ದ ನನ್ನನ್ನು ಮಾಸ್ತರರು ಅವಳಿಗೇ ಕೊಟ್ಟರು.

ಸೊಂಟ ಮುರಿದ ಮೇಲೆ ಫಕ್ಕೀರವ್ವ ವರ್ಷದಿಂದ ಮನೆ ಬಿಟ್ಟು ಇಳಿದಿರಲಿಲ್ಲ. ಬಾಗಿಲ ಮುಂದಿನ ಐದು ಮೆಟ್ಟಿಲಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಗುರುಶಾಂತವ್ವ ಬಾಡಿಗೆಗೆ ಯಂತ್ರ ತಂದು, ಪೈಪು ಬೆಸೆದು, ಕೈಗಂಬಿ ನಿಲ್ಲಿಸಿದಳು. ಪ್ರತಿ ಜೋಡಣೆಗೂ ತಾನೇ ಸುತ್ತಿಗೆಯಿಂದ ಹೊಡೆದು ನೋಡಿದಳು.

"ಮುರೀತಂದ್ರ?" ಎಂದಳು ಮುದುಕಿ.

"ನಾ ಕೆಳಗ ನಿಂತಿರತೀನಿ ಅತ್ತಿ."

ಫಕ್ಕೀರವ್ವ ಮೈಯ ಭಾರವನ್ನೆಲ್ಲ ಕಂಬಿಯ ಮೇಲೆ ಬಿಟ್ಟಳು. ಒಂದು ಮೆಟ್ಟಿಲು. ಎರಡು. ಮೂರನೆಯದರಲ್ಲಿ ನಿಂತುಬಿಟ್ಟಳು. ಗುರುಶಾಂತವ್ವ ಎರಡೂ ಕೈ ಚಾಚಿದಳು. ಅವಳ ನೆತ್ತಿಯ ಮೇಲೆ ನಾನೂ ಉಸಿರು ಹಿಡಿದೆ.

"ಸರಿಯವಾ ಅತ್ತಾಗ," ಎಂದಳು ಫಕ್ಕೀರವ್ವ. "ನನಗ ಓಣಿ ಕಾಣವಲ್ದು."

ಈಗ ನನ್ನ ಗಾಜು ಬಿರುಕು ಬಿಟ್ಟಿದೆ. ಗುರುಶಾಂತವ್ವನಿಗೆ ಹೊಸ ಮುಖವಾಡ ಬಂದಿದೆ. ನಾನು ಬಾಗಿಲ ಪಕ್ಕದ ಮೊಳೆಗೆ ತೂಗುಬಿದ್ದಿದ್ದೇನೆ. ದಿನಾ ಮುಂಜಾನೆ ಮುದುಕಿ ಒಬ್ಬಳೇ ಇಳಿದು, ಓಣಿಯವರ ಜೊತೆ ಮಾತಿಗೆ ಕೂರುತ್ತಾಳೆ. ಕೆಲಸ ಮುಗಿದವರಿಗೆ ಇಷ್ಟು ಕಂಡರೆ ಸಾಕು.