ಮೊದಲು ಅಕ್ಕ, ಆಮೇಲೆ ನಾದಿನಿ

"ಆ ಮೀಸೆಗೆ ಒಂದು ಕೊಟ್ಟು ಬಂದೆ ಕಣಮ್ಮ. ಅನುಭವಿಸ್ಲಿ!" ಮೇಲ್ವಿಚಾರಕರ ಆಯ್ಕೆಗೆ ಮತದ ಚೀಟಿ ಹಾಕಿ ಬಂದ ಇಸ್ತ್ರಿ ತಾತ ಬೊಚ್ಚುಬಾಯಿ ತುಂಬ ನಕ್ಕ.

ಕಾಲರ್ ಹೊಲಿಯುವವಳು ಮಿಷನ್ ನಿಲ್ಲಿಸಿದಳು. "ಅಯ್ಯೋ ತಾತ, ಒಂದು ಅಂದ್ರೆ ಎಲ್ಲರಿಗಿಂತ ಇವನೇ ಬೇಕು ಅಂತ!"

"ಅದ್ಯಾವ ಲೆಕ್ಕ? ನಮ್ಮಲ್ಲಿ ಒಂದು ಅಂದ್ರೆ ಬಿಚ್ಚಿ ಹೊಲಿಯೋ ಮಾಲು, ಮೂರು ಅಂದ್ರೆ ಫಸ್ಟ್ ಕ್ಲಾಸ್ ಅಲ್ವಾ?"

ತಾತನನ್ನು ಬೈಯುವಂತಿರಲಿಲ್ಲ. ಆ ಹೊಲಿಗೆ ಸಂಘದಲ್ಲಿ ಅಂಗಿಗಳಿಗೆ ಅಂಕ ಹಾಕುತ್ತಿದ್ದುದೇ ಹಾಗೆ. ಇನ್ನೆಷ್ಟು ಜನ ಹೀಗೇ ಬರೆದಿದ್ದಾರೋ!

ಅಲ್ಲಿ ಮೇಲ್ವಿಚಾರಕರನ್ನು ಕೆಲಸಗಾರರೇ ಆರಿಸುತ್ತಿದ್ದರು. ಕಳೆದ ಸಲ ಅವಳ ಅಕ್ಕನೂ ನಾದಿನಿಯೂ ಹಟಕ್ಕೆ ಬಿದ್ದು ನಿಂತು, ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದ ಆಸಾಮಿ ಬೇಡವೆಂದವರ ಮತವೆಲ್ಲ ಎರಡು ಪಾಲಾಗಿ, ನಡುವೆ ಮೀಸೆ ಗೆದ್ದುಬಿಟ್ಟಿದ್ದ. ಈ ಸಲವೂ ಇಬ್ಬರೂ ಹಿಂದೆ ಸರಿಯಲಿಲ್ಲ. ಪರಸ್ಪರ ಮಾತೂ ಬಿಟ್ಟಿದ್ದರು. ಅದಕ್ಕೇ ಲೆಕ್ಕ ಬರೆಯುವ ಮೇಡಂ ಹೊಸ ಪದ್ಧತಿ ತಂದಿದ್ದರು. ಮೂವರಿಗೂ ಒಂದು, ಎರಡು, ಮೂರು ಎಂದು ಬರೆಯಬೇಕು. ಒಂದು ಎಂದು ಬಿದ್ದ ಮತಗಳಲ್ಲಿ ಯಾರೂ ಅರ್ಧ ದಾಟದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರಿಗೆ ಬಿದ್ದ ಚೀಟಿಗಳನ್ನು ಅವುಗಳಲ್ಲಿ ಎರಡು ಎಂದಿರುವ ಹೆಸರಿಗೆ ಸೇರಿಸುವುದು.

ಮೀಸೆ ಮತ್ತೆ ಗೆದ್ದರೆ ಅವಳಿಗೆ ರಾತ್ರಿ ಪಾಳಿ ಖಂಡಿತ. ಮುಖಕ್ಕೆ ಹೊಡೆದಂತೆ ಹೇಳಿಯೂ ಇದ್ದ. ಮೊಲೆ ಬಿಡದ ಕೂಸನ್ನು ಯಾರ ಕೈಗೆ ಕೊಟ್ಟು ಬರುವುದು? ಕೆಲಸವನ್ನೇ ಬಿಡಬೇಕು. ಅವಳು ಓಡಿದಳು.

"ಡಬ್ಬ ತೆಗೀಬೇಡಿ ಮೇಡಂ!"

ವಿಷಯ ತಿಳಿದು ಮೀಸೆ ಎಗರಾಡಿದ. "ಹಾಕಿದ್ದು ಹಾಕಿದ್ದೇ! ಒಬ್ಬರ ಹೆಸರಿಗೆ ಒಂದು ಗೆರೆ ಎಳೆದಿದ್ರೆ ಮುಗೀತಿತ್ತು. ಈ ಒಂದು-ಎರಡರ ನಾಟಕ ಬೇಡ ಅಂತ ಆಗಲೇ ಬಡ್ಕೊಂಡೆ."

"ಒಂದು ಅಂದ್ರೆ ಬಿಚ್ಚೋ ಮಾಲು ಅಂದ್ಕೊಂಡೋರು ಕೈ ಎತ್ತಿ," ಎಂದರು ಮೇಡಂ. ಅರ್ಧಕ್ಕರ್ಧ ಕೈಗಳು ಮೇಲೆದ್ದವು. ಮೇಡಂ ತಲೆ ಚಚ್ಚಿಕೊಂಡು, ಹಳೆಯ ಚೀಟಿಗಳನ್ನು ಬಿಡಿಸಿ ನೋಡದೆ ಸುಟ್ಟು, ಹೊಸವನ್ನು ಹಂಚಿದರು. ಈ ಸಲ ಅಂಕಿಗಳೇ ಇಲ್ಲ. ಮೊದಲು, ಆಮೇಲೆ, ಕೊನೆಗೆ ಎಂದಷ್ಟೇ ಇತ್ತು. ಅವಳು ತಡವರಿಸದೆ ಬರೆದಳು: ಮೊದಲು ಅಕ್ಕ, ಆಮೇಲೆ ನಾದಿನಿ. ಒಬ್ಬರಿಗೆ ಹಾಕಿ ಇನ್ನೊಬ್ಬರಿಗೆ ದ್ರೋಹ ಮಾಡಿದೆನೆಂಬ ಕೊರಗು ಈ ಸಲ ಇರಲಿಲ್ಲ.

ಮೊದಲ ಎಣಿಕೆಯಲ್ಲಿ ಮೀಸೆಯೇ ಮುಂದಿದ್ದ, ಆದರೆ ಅರ್ಧ ದಾಟಲಿಲ್ಲ. ಅಕ್ಕ ಕೊನೆಗೆ ಉಳಿದಳು. ಅಕ್ಕನ ಚೀಟಿಗಳು ಒಂದೊಂದಾಗಿ ನಾದಿನಿಯ ಗುಡ್ಡೆಗೆ ಹೋಗಿ ಬೀಳತೊಡಗಿದವು. ಮೀಸೆ ಎಣಿಕೆ ಮುಗಿಯುವ ಮೊದಲೇ ಎದ್ದು ಹೋದ.

ನಾದಿನಿ ಗೆದ್ದಿದ್ದಳು. ಹೋದ ಜೀವ ಬಂದಂತಾಯಿತು ಕಾಲರ್ ಹೊಲಿಯುವವಳಿಗೆ. ಅಕ್ಕನ ಮುಖ ನೋಡಲು ಮಾತ್ರ ಧೈರ್ಯ ಸಾಲಲಿಲ್ಲ.

"ಯಾಕೇ ತಲೆ ತಗ್ಗಿಸ್ತೀಯ?" ಎಂದ ಅಕ್ಕ ನಾದಿನಿಯತ್ತ ಕೈ ತೋರಿಸಿದಳು. "ನನ್ನ ಚೀಟೀಲೂ ಆಮೇಲೆ ಅಂತ ಇದ್ದಿದ್ದು ಇವಳ ಹೆಸರೇ."

ನಾದಿನಿ ಕಣ್ಣೊರೆಸಿಕೊಂಡಳು. "ಅದನ್ನ ಮೊದಲೇ ಹೇಳೋಕೆ ಏನಾಗಿತ್ತಕ್ಕಾ ನಿಮಗೆ?"

ಬೆಳಕಿರುವಾಗಲೇ ಮನೆಗೆ ಬಂದು ಅವಳು ಕೂಸನ್ನು ಮಡಿಲಿಗೆ ಹಾಕಿಕೊಂಡಳು. ಟೀಗೆ ಎಷ್ಟು ಸಕ್ಕರೆ ಎಂದು ಒಳಗೆ ಅಕ್ಕನೂ ನಾದಿನಿಯೂ ಜೋರಾಗಿ ಜಗಳವಾಡುತ್ತಿದ್ದರು. ಕೂಸು ಆ ಗದ್ದಲಕ್ಕೆ ಒಮ್ಮೆ ಕಣ್ಣು ಬಿಟ್ಟು ನೋಡಿ, ಮತ್ತೆ ಹಾಲು ಕುಡಿಯತೊಡಗಿತು.