ದರ್ಜಿ ಮಾವನ ಎಡಗೈ

ದರ್ಜಿ ಮಾವ ತೀರಿಕೊಂಡ ಮೇಲೆ ನೆಂಟರೆಲ್ಲ ಸೇರಿದ್ದು ಅವನ ಅಂಗಡಿಯಲ್ಲಿ. ಅಂಗಡಿಯ ಹಿಂಬದಿಯ ಮನೆಯಲ್ಲಿ ಅಷ್ಟು ಜನಕ್ಕೆ ಕಾಲು ಚಾಚಲೂ ಜಾಗವಿರಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವನ ಫೋಟೋ, ಅದರ ಪಕ್ಕ ಅಂಗಡಿಯ ಬೀಗದ ಕೈ. ಬಟ್ಟೆ ಬೇಕಾದಾಗ ಮಾತ್ರ ಈ ಕಡೆ ತಲೆ ಹಾಕುತ್ತಿದ್ದ ಮಹಾನುಭಾವರು ಈಗ ಒಬ್ಬರಿಗಿಂತ ಒಬ್ಬರು ಜೋರಾಗಿ ಮೂಗು ಒರೆಸಿಕೊಳ್ಳುತ್ತಿದ್ದರು.

ಅಮ್ಮ ಫೋಟೋದ ಬಳಿ ಕೂತಿದ್ದಳು, ಮಗಳು ಮೂಲೆಯ ಮಷೀನಿನ ಮುಂದೆ. ಮಗಳ ಕಣ್ಣು ಬೀಗದ ಕೈ ಬಿಟ್ಟು ಅತ್ತಿತ್ತ ಹೋಗಲಿಲ್ಲ.

"ಚಿಕ್ಕಪ್ಪ ಟೇಪು ಹಿಡಿತಾನೇ ಇರ್ಲಿಲ್ಲ. ಕಣ್ಣಲ್ಲೇ ಅಳತೆ," ಎಂದಳು ಆಸ್ಪತ್ರೆಯಲ್ಲಿ ನರ್ಸಾಗಿರುವ ದೊಡ್ಡಪ್ಪನ ಮಗಳು. "ನನ್ನ ಮದುವೆ ರವಿಕೆ ಇವತ್ತಿಗೂ ಒಂದು ಹೊಲಿಗೆ ಬಿಟ್ಟಿಲ್ಲ."

"ಬಿಡೋದು ನೀನು ದಪ್ಪ ಆದಾಗ," ಎಂದ ಅತ್ತೆಯ ಮಗ. ಎಲ್ಲರೂ ಅಳುತ್ತಲೇ ನಕ್ಕರು. ಬೇಸಿಗೆಯಲ್ಲೂ ಕೋಟು ಬಿಚ್ಚದವನಾದ್ದರಿಂದ ಮನೆಯಲ್ಲಿ ಅವನಿಗೆ ಸಾಹೇಬ ಎಂದೇ ಹೆಸರು. ಅವನು ಕೋಟಿನ ಎದೆ ಸವರಿಕೊಂಡ. "ಮಾವ ಕೊನೆಗೆ ಹೊಲಿದ ಕೋಟು ಇದು. ಇಂಥ ಕೈ ಇನ್ನು ಹುಟ್ಟಲ್ಲ ಬಿಡಿ."

ಆ ರವಿಕೆಯನ್ನೂ ಈ ಕೋಟನ್ನೂ ಹೊಲಿದವಳು ಮಗಳು. ಅವಳಿನ್ನೂ ಎರಡು ಜಡೆ ಹಾಕುವ ಕಾಲದಲ್ಲೇ ಅಪ್ಪನ ಬಲಗೈಗೆ ನಡುಕ ಹಿಡಿದಿತ್ತು. "ಹೊರಗೆ ಬಾಯಿ ಬಿಡಬೇಡ. ದರ್ಜಿ ಕೈ ನಡುಗುತ್ತೆ ಅಂತ ಗೊತ್ತಾದ್ರೆ ಮುಗೀತು," ಎಂದಿದ್ದ. ಅಂದಿನಿಂದ ಅವನು ಟೇಪನ್ನು ಕೊರಳಿಗೆ ಹಾಕಿಕೊಂಡು ಮುಂದೆ ನಿಂತ. ಅವಳು ಪರದೆಯ ಹಿಂದೆ ಕೂತಳು. ಹೊಗಳಿದವರಿಗೆ ಅವನು "ಏನೋ, ಕೈಗುಣ" ಎಂದು ನಗುತ್ತಿದ್ದ. ಪರದೆಯ ಹಿಂದಕ್ಕೆ ಬಂದು ಒಂದು ಸಲವಾದರೂ ಆ ಮಾತನ್ನು ಅವಳಿಗೆ ದಾಟಿಸಲಿಲ್ಲ. ಅವಳಿಗೆ ಅದು ಇವತ್ತಿಗೂ ಹೊಟ್ಟೆಯೊಳಗಿನ ಕೆಂಡ.

ಅತ್ತೆ, ಸಾಹೇಬನ ತಾಯಿ, ಗಂಟಲು ಸರಿಮಾಡಿಕೊಂಡಳು. ಕಟ್ಟಡ ಅಜ್ಜನದು, ಹಿರಿಯಳಾದ ಅವಳ ಮಾತೇ ಕೊನೆ. "ಕೈಯೇ ಹೋದ ಮೇಲೆ ಅಂಗಡಿ ಇಟ್ಕೊಂಡು ಏನ್ಮಾಡೋದು? ಸಾಹೇಬ ಇಲ್ಲಿ ಮೊಬೈಲ್ ಅಂಗಡಿ ಇಡ್ಲಿ."

"ಅಂಗಡಿ ನಾನು ನಡೆಸ್ತೀನಿ," ಎಂದಳು ಮಗಳು.

"ಗುಂಡಿ ಹಾಕ್ಕೊಂಡಿದ್ದೋಳು ನೀನು. ಅಂಗಡಿ ನಡೆಸೋದು ಅಂದ್ರೆ ಹುಡುಗಾಟವಾ?" ಎಂದಳು ಅತ್ತೆ.

ಅಷ್ಟಕ್ಕೆ ಮಗಳ ತಾಳ್ಮೆಯ ಕಟ್ಟೆ ಒಡೆಯಿತು. ಎದ್ದು ಹೋಗಿ ಸಾಹೇಬನ ಕೋಟು ಬಿಚ್ಚಿಸಿ, ಅವನು ಹಾಂ ಹೂಂ ಎನ್ನುವಷ್ಟರಲ್ಲಿ ಒಳಗಿನ ಅಸ್ತರನ್ನು ಕತ್ತರಿಯಿಂದ ಬಿಚ್ಚಿದಳು. ಗೋಡೆಗೆ ನೇತುಹಾಕಿದ್ದ ಅಪ್ಪನ ಹಳೆಯ ಕೋಟಿನ ಅಸ್ತರನ್ನೂ ಬಿಚ್ಚಿ ಪಕ್ಕದಲ್ಲಿ ಹರಡಿದಳು.

"ಇದು ಅಪ್ಪ ಕೈ ಗಟ್ಟಿ ಇದ್ದಾಗ ಹೊಲಿದದ್ದು. ಅಸ್ತರಿನಡಿಯ ಕೈಹೊಲಿಗೆ ಯಾವ ಕಡೆ ವಾಲಿದೆ ನೋಡಿ. ಈಗ ಸಾಹೇಬನ ಕೋಟು ನೋಡಿ, ಪೂರ್ತಿ ಉಲ್ಟಾ. ಇದು ಎಡಗೈ ಹೊಲಿಗೆ. ಈ ಮನೇಲಿ ಎಡಚಿ ಯಾರು? ಎಲ್ಲಾ ಹೊಲಿದದ್ದು ನಾನು. ಬೇಕಾದ್ರೆ ಅಮ್ಮನ್ನ ಕೇಳಿ."

ಎಲ್ಲರೂ ಬಗ್ಗಿ ನೋಡಿದರು. ಕುರುಡರಿಗೂ ಕಾಣುವಷ್ಟು ಸ್ಪಷ್ಟವಾಗಿತ್ತು. ಎಲ್ಲರ ಕಣ್ಣೂ ಅಮ್ಮನ ಕಡೆ ತಿರುಗಿದವು.

ಅಮ್ಮ ಫೋಟೋ ಕಡೆ ನೋಡಿದಳು.

"ಅವರಿಗೆ ಬಲಗೈ ನಡುಗ್ತಿತ್ತು," ಎಂದಳು. "ಯಾರಿಗೂ ಹೇಳ್ಬೇಡ ಅಂದಿದ್ರು. ಎಡಗೈಲಿ ಹೊಲಿಯೋದು ಕಲ್ತ್ಕೊಂಡ್ರು."

ಅತ್ತೆ ಎದೆ ಬಡಿದುಕೊಂಡು ಅತ್ತಳು. "ಅಯ್ಯೋ ನನ್ನ ತಮ್ಮ! ಆ ವಯಸ್ಸಲ್ಲಿ ಎಡಗೈ ಪಳಗಿಸ್ಕೊಂಡ್ಯಲ್ಲೋ!" ಸಾಹೇಬ ಹೊಲಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ನರ್ಸು ಬಿಚ್ಚಿದ ಅಸ್ತರಿನ ಫೋಟೋ ತೆಗೆದು ಬಾರದಿದ್ದ ನೆಂಟರಿಗೆಲ್ಲ ಕಳಿಸಿದಳು. ಆ ಗದ್ದಲದಲ್ಲೇ ಬೀಗದ ಕೈ ಸಾಹೇಬನ ಜೇಬು ಸೇರಿತು.

ಮಗಳು ಅಮ್ಮನನ್ನು ಪರದೆಯ ಹಿಂದಕ್ಕೆ ಎಳೆದೊಯ್ದಳು. "ಯಾಕಮ್ಮ?"

"ನಿನಗೆ ಕೈ ಇದೆ, ಎಲ್ಲಾದ್ರೂ ಹೊಲಿದು ತಿಂತೀಯ," ಎಂದಳು ಅಮ್ಮ, ಅವಳ ಮುಖ ನೋಡದೆ. "ಅವರಿಗೆ ಇನ್ನೇನಿದೆ, ಆ ಹೆಸರು ಬಿಟ್ರೆ?"

ಸತ್ತವನ ಮೇಲಿನ ಕರುಣೆಯಲ್ಲಿ ಒಂದು ಚೂರಾದರೂ ತನ್ನ ಪಾಲಿಗೆ ಬರಬಾರದಿತ್ತೇ ಎಂದು ಅವಳಿಗೆ ಕೂಗಬೇಕೆನಿಸಿತು. ಅಷ್ಟರಲ್ಲಿ ಸಾಹೇಬ ಪರದೆ ಸರಿಸಿದ.

"ಇದನ್ನ ಹಾಗೇ ಹಾಕ್ಕೊಂಡು ಬೀದಿಗಿಳಿಯೋಕಾಗಲ್ಲ. ಎರಡು ಹೊಲಿಗೆ ಹಾಕ್ಕೊಡೆ. ಮಾವನ ಹೊಲಿಗೆ ಮೇಲೆ ಮಾತ್ರ ಸೂಜಿ ಆಡಿಸ್ಬೇಡ."

ಬಿಚ್ಚಿದವಳು ತಾನೇ, ಹೊಲಿಯಬೇಕಾದವಳೂ ತಾನೇ. ಅವಳು ಮಷೀನಿನ ಮುಂದೆ ಕೂತು ಕೈಹೊಲಿಗೆಯ ಸೂಜಿಗೆ ದಾರ ಪೋಣಿಸಿ, ಎಂದಿನಂತೆ ಅದನ್ನು ಎಡಗೈಯಲ್ಲಿ ಹಿಡಿದಳು. ಅಳು ನಿಲ್ಲಿಸಿದ್ದ ಅತ್ತೆ ಅದನ್ನು ಕಂಡು ನರ್ಸಿನ ತೋಳು ಹಿಡಿದಳು.

"ನೋಡೇ ಅಲ್ಲಿ. ಅಪ್ಪನನ್ನ ನೋಡಿ ನೋಡಿ ಇವಳೂ ಎಡಗೈಲೇ ಕಲ್ತಿದ್ದಾಳೆ."