ಮಿಂತಾರ್ಸಿಗೆ ಹೇಳಬೇಕಾದ ಬೆಲೆ

ತಂಗಿಯ ಮಗ ಗಲಿಹ್ ಹೋದ ವರ್ಷ ಹಬ್ಬಕ್ಕೆ ತಂದುಕೊಟ್ಟ ಟ್ಯಾಬನ್ನು ವಾರ್ಸಿನಿ ಬಳಸಿದ್ದು ಅಷ್ಟಕ್ಕಷ್ಟೇ. ಪರದೆಯ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿರಲಿಲ್ಲ. ಮೂವತ್ತು ವರ್ಷ ಜಾವಾದ ಸೋಲೋ ಊರಿನ ಬಟ್ಟೆಪೇಟೆಯಲ್ಲಿ ಬಾಟಿಕ್ ಮಾರಿದ ಕೈ ಅದು. ಕಣ್ಣು ಮುಚ್ಚಿ ಮುಟ್ಟಿದರೂ ಇದು ಮೇಣದಲ್ಲಿ ಕೈಯಿಂದ ಬರೆದದ್ದು, ಇದು ಅಚ್ಚೊತ್ತಿದ್ದು ಎಂದು ಬೆರಳೇ ಹೇಳುತ್ತಿತ್ತು. ಗಾಜಿನ ಮೇಲೆ ಬೆರಳಾಡಿಸಿದರೆ ಏನು ಗೊತ್ತಾಗುತ್ತದೆ, ಮಣ್ಣು? ಎರಡು ಸಲ ಅಡುಗೆಯ ವಿಡಿಯೋ ನೋಡಿ, ಅದರಲ್ಲಿನ ಹುಡುಗಿ ತನಗಿಂತ ಕೆಟ್ಟದಾಗಿ ಸಾರು ಮಾಡುತ್ತಾಳೆಂದು ಬೈದು, ಅದನ್ನು ಡಬ್ಬಿಗೆ ಸೇರಿಸಿ ಬೀರುವಿನಲ್ಲಿಟ್ಟಿದ್ದಳು.

"ಸುಮ್ನೆ ಇಟ್ಕೊಂಡ್ರೆ ಹಳೇದಾಗತ್ತೆ ದೊಡ್ಡಮ್ಮ, ಮಾರ್ಬಿಡು" ಎಂದು ಗಲಿಹ್ ಸೆಮರಾಂಗಿನಿಂದ ಫೋನು ಮಾಡಿದ. ಅವನೇ ಕೇರಿಯವರ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿದ. ಬೆಲೆಯನ್ನು ಅಲ್ಲಿ ಹಾಕದೆ ದೊಡ್ಡಮ್ಮನಿಗಷ್ಟೇ ಹೇಳಿಕೊಟ್ಟ. ಹೊಸದಕ್ಕೆ ಮೂವತ್ತೆರಡು ಲಕ್ಷ ರುಪಿಯಾ. ಗೀರಿಲ್ಲ, ಡಬ್ಬಿ ಸಮೇತ ಇದೆ, ಆದರೂ ವರ್ಷದ ಮೇಲಾಯಿತು. ಹದಿನೆಂಟು ಲಕ್ಷ ಅಂದರೆ ಕೊಡುವವರಿಗೂ ತೊಗೊಳ್ಳುವವರಿಗೂ ನ್ಯಾಯ.

ಅಲ್ಲಿಗೆ ವಿಷಯ ಮುಗಿಯಬೇಕಿತ್ತು. ಆದರೆ ಗುಂಪಿನಲ್ಲಿ ಮೊದಲು ಉತ್ತರ ಬಂದದ್ದು ಮಿಂತಾರ್ಸಿಯಿಂದ. 'ಬು ವಾರ್ಸಿನಿ ಅವರಿಗೆ ವಂದನೆಗಳು. ಬೆಲೆ ಎಷ್ಟೆಂದು ತಿಳಿಸಿದರೆ ಉಪಕಾರವಾಗುತ್ತದೆ. ನಾಳೆ ಮಧ್ಯಾಹ್ನ ಬರಬಹುದೇ?'

ಬು! ಅಂದರೆ ಅಮ್ಮಾವರು! ಬ್ಯಾಂಕಿನವರು ಕರೆಯುವ ಹಾಗೆ! ವಾರ್ಸಿನಿ ಆ ಸಾಲುಗಳನ್ನು ಮತ್ತೆ ಮೊದಲಿಂದ ಓದಿದಳು.

ಪೇಟೆಯಲ್ಲಿ ಇಬ್ಬರದೂ ಅಕ್ಕಪಕ್ಕದ ಅಂಗಡಿ. ಮಿಂತಾರ್ಸಿ ಎರಡು ವರ್ಷಕ್ಕೆ ದೊಡ್ಡವಳು, ಹಾಗಾಗಿ 'ಯು ಮಿನ್', ಮಿನ್ ಅಕ್ಕ. ವಾರ್ಸಿನಿ ಅವಳಿಗೆ ಬರೀ 'ವಾರ್'. ಮಳೆ ಹಿಡಿದು ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಬಾಯಿ ತುಕ್ಕು ಹಿಡಿಯಬಾರದೆಂದು ಇಬ್ಬರೂ ತಮ್ಮತಮ್ಮಲ್ಲೇ ಚೌಕಾಸಿ ಮಾಡುತ್ತಿದ್ದರು. ಹರಿದ ಕೊಡೆಗೆ, ಅರ್ಧ ಕುಡಿದ ಟೀಗೆ, ಕೊನೆಗೆ ಗಂಡಂದಿರಿಗೂ. "ನಿನ್ನ ಗಂಡನ್ನ ಎಷ್ಟಕ್ಕೆ ಕೊಡ್ತೀಯೇ?" "ಜಾಸ್ತಿ ಬಳಸಿಲ್ಲ ಯು, ಮೂಲೇಲಿ ಕೂತೇ ಇರ್ತಾರೆ, ನೋಡಿ ಹೇಳು." ಸಾಲಿನ ಅಂಗಡಿಯವರೆಲ್ಲ ಎದ್ದು ಬಂದು ನಗುತ್ತಿದ್ದರು. ಆ ನಗುವಿಗೆ ತಗಡಿನ ಮೇಲಿನ ಮಳೆಯ ಸದ್ದೂ ಕೇಳಿಸುತ್ತಿರಲಿಲ್ಲ. ಎಂಥ ದಿನಗಳವು! ಹೊಟ್ಟೆ ಅರ್ಧ ತುಂಬಿರುತ್ತಿತ್ತು, ಬಾಯಿ ಮಾತ್ರ ಮಾತಿನಿಂದ ಪೂರ್ತಿ ತುಂಬಿರುತ್ತಿತ್ತು.

ಆಮೇಲೆ ವಾರ್ಸಿನಿಯ ಗಂಡ ತೀರಿಕೊಂಡ. ನಲವತ್ತನೆಯ ದಿನದ ಊಟ ಮುಗಿದ ವಾರ ಅವಳು ಅಂಗಡಿ ಮುಚ್ಚಲು ನಿರ್ಧರಿಸಿ, ಉಳಿದ ಬಟ್ಟೆಯನ್ನೆಲ್ಲ ಯು ಮಿನ್ ಮುಂದೆ ಇಟ್ಟಳು. ಮಿಂತಾರ್ಸಿ ವಾಡಿಕೆಯಂತೆ ಅರ್ಧ ಬೆಲೆಗೆ ಕೇಳಿದಳು. ಅರ್ಧಕ್ಕೆ ಕೇಳುವುದು ಮಾತಿಗೆ ಪೀಠಿಕೆ, ಅಷ್ಟೇ. ಆ ಕಡೆಯವರು ಎದೆ ಬಡಿದುಕೊಳ್ಳಬೇಕು, ಮಕ್ಕಳ ಮೇಲೆ ಆಣೆ ಹಾಕಬೇಕು, ಹಾಗೆ ಬೆಲೆ ಏರುತ್ತ ಬರಬೇಕು. ವಾರ್ಸಿನಿ "ಹೂಂ, ತಗೋ" ಎಂದುಬಿಟ್ಟಳು. ಅವಳಲ್ಲಿ ಅಂದು ಜಗಳಕ್ಕೆ ಉಸಿರಿರಲಿಲ್ಲ. ಪೇಟೆ ಸುಮ್ಮನಿರುತ್ತದೆಯೇ? ಗಂಡ ಸತ್ತವಳ ಬಟ್ಟೆ ದೋಚಿದಳೆಂದು ಮಿಂತಾರ್ಸಿಯ ತಲೆಗೆ ಕಟ್ಟಿತು.

ಜಾವಾದವರು ಮನಸ್ತಾಪ ಬಂದರೆ ಕೂಗಾಡುವುದಿಲ್ಲ, ಮರ್ಯಾದೆ ಕೊಡಲು ಶುರು ಮಾಡುತ್ತಾರೆ. ಅದಕ್ಕಿಂತ ಕೂಗಾಟವೇ ವಾಸಿ. ಅಂದಿನಿಂದ ಮಿಂತಾರ್ಸಿ ಎದುರು ಸಿಕ್ಕರೆ ತಲೆ ಬಾಗಿಸಿ "ಆರೋಗ್ಯವೇ, ಬು?" ಎನ್ನುತ್ತಿದ್ದಳು. 'ಕಾಸು ಹೋದರೇನು, ನಂಟು ಬಂತಲ್ಲ' ಎಂಬುದು ಆ ಪೇಟೆಯ ಗಾದೆ. ವಾರ್ಸಿನಿಗೆ ಕಾಸೂ ಹೋಯಿತು, ನಂಟೂ ಹೋಯಿತು.

ಈಗ ಎಷ್ಟು ಹೇಳಬೇಕು? ಸುಮ್ಮನೆ ಕೊಟ್ಟರೆ ದಾನ ಮಾಡಿದಂತೆ, ಹಳೆಯ ಗಾಯಕ್ಕೆ ಉಪ್ಪು. ನ್ಯಾಯವಾಗಿ ಹದಿನೆಂಟು ಎಂದರೆ ಅವಳು ಅಷ್ಟನ್ನೂ ಎಣಿಸಿಟ್ಟು, ವಂದನೆ ಹೇಳಿ ಹೋಗುತ್ತಾಳೆ. ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ. ವಾರ್ಸಿನಿಗೆ ಬೇಕಾಗಿದ್ದುದು ದುಡ್ಡಲ್ಲ, ಯು ಮಿನ್.

ಮರುದಿನ ಮಿಂತಾರ್ಸಿ ಇಸ್ತ್ರಿ ಹಾಕಿದ ಕುಪ್ಪಸ ತೊಟ್ಟು ಬಂದಳು. ಕುರ್ಚಿಯ ತುದಿಯಲ್ಲಿ ಕುಳಿತಳು. ಸಿಹಿ ಟೀ ಬಂತು, ಸೋಯಾಕಾಳಿನ ಬಿಲ್ಲೆ ಕರಿದ ತೆಂಪೆ ಬಂತು, ಎರಡನ್ನೂ ಮುಟ್ಟಲಿಲ್ಲ.

"ಮೊಮ್ಮಗಳು ಬಟ್ಟೆಗಳನ್ನ ವಿಡಿಯೋದಲ್ಲಿ ತೋರಿಸಿ ಮಾರ್ತಾಳೆ, ಬು. ಫೋನಲ್ಲಿ ಚಿಕ್ಕದಾಗಿ ಕಾಣತ್ತಂತೆ. ತಾವು ಎಷ್ಟು ಹೇಳ್ತೀರೋ ಅಷ್ಟು."

ವಾರ್ಸಿನಿ ಹೆಗಲ ವಸ್ತ್ರ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಹೇಳಿದಳು: "ನಲವತ್ತು ಲಕ್ಷ."

ಅಂಗಡಿಯಲ್ಲಿ ಹೊಸದಕ್ಕಿಂತ ಎಂಟು ಲಕ್ಷ ಜಾಸ್ತಿ! ಮಿಂತಾರ್ಸಿಯ ಹುಬ್ಬು ಒಂದಿಷ್ಟೇ ಏರಿ ಇಳಿಯಿತು.

"ಒಳ್ಳೇ ಸಾಮಾನು, ಬು. ಮನೇಲಿ ಕೇಳಿ ಹೇಳ್ತೀನಿ."

ಎದ್ದಳು. ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದಳು. ಎದ್ದು ಹೋಗುವ ಗಿರಾಕಿಗಳಲ್ಲಿ ಎರಡು ಜಾತಿ: ನಿಜವಾಗಿ ಹೋಗುವವರು, ಕರೆಯಲಿ ಎಂದು ಹೋಗುವವರು. ಬೆನ್ನು ನೋಡಿದರೆ ವಾರ್ಸಿನಿಗೆ ಗೊತ್ತಾಗುತ್ತಿತ್ತು. ಇಂದು ಆ ಬೆನ್ನು ಏನೂ ಹೇಳಲಿಲ್ಲ. ಹೋದಳು, ಇನ್ನು ಹೋದಳು ಎಂದು ಅವಳ ಜೀವ ಹಾರಿತು. ಬಾಗಿಲಿಗೆ ಓಡಿ ಬಂದು, ಪೇಟೆಯ ಗಂಟಲಿನಲ್ಲೇ ಕೂಗಿದಳು.

"ಹೋಗು ಹೋಗು! ಇಡೀ ಸೋಲೋ ಸುತ್ತಿ ಬಾ! ಇದಕ್ಕಿಂತ ಕಮ್ಮಿಗೆ ಸಿಕ್ಕಿದ್ರೆ ನನ್ನ ಹೆಸರು ಬದಲಾಯ್ಸು! ಕೊಳ್ಳೋ ಮುಖಾನೇ ಅಲ್ಲ ಅದು!"

ಎದುರು ಮನೆಯ ಕಿಟಕಿ ತೆರೆಯಿತು. ಗೇಟಿನ ಹತ್ತಿರ ಆ ಬೆನ್ನು ನಿಂತಿತು. ನಿಂತು, ನಿಧಾನವಾಗಿ ತಿರುಗಿತು.

"ಏನಂದೆ? ಕೊಳ್ಳೋ ಮುಖ ಅಲ್ವಾ? ನಲವತ್ತು ಲಕ್ಷಕ್ಕೆ ಅದೇನು ಅನ್ನ ಬೇಯಿಸಿ ಹಾಕತ್ತಾ, ಕಾಲು ಒತ್ತತ್ತಾ? ಎಂಟು ಲಕ್ಷ ಕೊಡ್ತೀನಿ, ಅದೂ ನಿನ್ನ ವಯಸ್ಸು ನೋಡಿ!"

"ಎಂಟಾ? ಎಂಟಕ್ಕೆ ಡಬ್ಬಿ ತಗೊಂಡು ಹೋಗು, ಟ್ಯಾಬ್ ಇಲ್ಲೇ ಇರತ್ತೆ! ಮುಟ್ಟಿಲ್ಲ, ಮುಸುಕೇ ತೆಗೆದಿಲ್ಲ!"

"ಮುಸುಕು ಹಳದಿ ತಿರುಗಿದೆ ನೋಡು! ಮದುವೆಯಾಗ್ದೇ ಮುದುಕಿಯಾಗಿದೆ!"

ಮಿಂತಾರ್ಸಿ ಒಳಗೆ ಬಂದು, ಈ ಸಲ ಕುರ್ಚಿಯ ತುಂಬ ಕುಳಿತು, ತೆಂಪೆಯ ತುಂಡೊಂದನ್ನು ಬಾಯಿಗೆ ಹಾಕಿಕೊಂಡಳು. ವಾರ್ಸಿನಿಯ ಬೆಲೆ ಮೂವತ್ತಕ್ಕೆ ಇಳಿಯಿತು, ಮಿಂತಾರ್ಸಿಯದು ಹತ್ತಕ್ಕೆ ಏರಿತು. ಟೀ ಎರಡು ಸಲ ಬಂತು. ಹದಿನೈದರ ಹತ್ತಿರ ಬಂದಾಗ ಮಿಂತಾರ್ಸಿ ಮಾತು ನಿಲ್ಲಿಸಿ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡಳು.

"ಅವತ್ತು ಯಾಕೆ ಹೀಗೆ ಬೈಲಿಲ್ಲ ನೀನು?" ಎಂದಳು. "ಅರ್ಧಕ್ಕೆ ಕೇಳಿ, ಬೈತೀಯ ಅಂತ ಕಾದೆ, ವಾರ್. ಒಂದೇ ಒಂದು ಮಾತು ಬೈದಿದ್ರೆ ಪೂರ್ತಿ ಕೊಡ್ತಿದ್ದೆ. ಹೂಂ ಅಂದು ನನ್ನ ಕಳ್ಳಿ ಮಾಡ್ಬಿಟ್ಟೆ."

"ಬೈಯೋಕೆ ನನ್ನಲ್ಲಿ ಏನೂ ಉಳಿದಿರ್ಲಿಲ್ಲ, ಯು."

"ಗೊತ್ತಾಯ್ತು, ಆಮೇಲೆ. ಆಗ ಹೇಗೆ ಬರೋದು ಅಂತ ಗೊತ್ತಾಗ್ಲಿಲ್ಲ."

ಇಬ್ಬರೂ ಅತ್ತರು. ಅಳುತ್ತಲೇ ಮಿಂತಾರ್ಸಿ, "ಹದಿನೇಳು. ಒಂದು ಕಾಸು ಜಾಸ್ತಿ ಇಲ್ಲ" ಎಂದಳು.

"ಹದಿನೇಳೂವರೆ" ಎಂದಳು ವಾರ್ಸಿನಿ, ಮೂಗು ಒರೆಸಿಕೊಳ್ಳುತ್ತ. "ಒಂದು ಕಾಸು ಕಮ್ಮಿ ಇಲ್ಲ."

"ಮೊಂಡಿ! ನಾಳೆ ಬರ್ತೀನಿ. ಅಷ್ಟರಲ್ಲಿ ನಿನಗೆ ಬುದ್ಧಿ ಬಂದಿರತ್ತೆ." ಟ್ಯಾಬನ್ನು ಮೇಜಿನ ಮೇಲಿಟ್ಟು, ಉಳಿದ ತೆಂಪೆಯನ್ನು ಕೇಳದೆಯೇ ಎಲೆಯಲ್ಲಿ ಸುತ್ತಿಕೊಂಡು ಅವಳು ಹೊರಟಳು.

ಸಂಜೆ ಗಲಿಹ್ ಫೋನು ಮಾಡಿ ಎಲ್ಲ ಕೇಳಿದ. "ಬರೀ ಐವತ್ತು ಸಾವಿರಕ್ಕೆ ನಿಂತಿದೆಯಾ? ಇಬ್ಬರ ಊಟದ ದುಡ್ಡು ದೊಡ್ಡಮ್ಮ, ಬಿಟ್ಕೊಡು, ಮುಗಿದ್ಹೋಗ್ಲಿ."

"ಹುಚ್ಚಾ!" ಎಂದಳು ವಾರ್ಸಿನಿ. "ಬಿಟ್ಕೊಟ್ರೆ ನಾಳೆ ಅವಳು ಯಾಕೆ ಬರ್ತಾಳೆ?"